ಫ್ಯಾನ್ ಇರುವಾಗ ಕೈಗಾ ಯಾಕೆ ಅಂದ್ರೆ
ಸರ್, ಚಿತ್ರದುರ್ಗದ ಸುತ್ತ ಗಾಳಿಯಿಂದ ಕರೆಂಟ್ ಮಾಡೋ ಇಷ್ಟು ಫ್ಯಾನ್, ಪಕ್ಕದ ಪಾವಗಡದಲ್ಲಿ 2,050 ಮೆಗಾವ್ಯಾಟ್ ಸೋಲಾರ್ ಇರುವಾಗ 880 ಮೆಗಾವ್ಯಾಟಿನ ಕೈಗಾ ಅಣುಸ್ಥಾವರ ಯಾಕೆ ಬೇಕು ಅಂತ ಕೇಳಿದ್ರಲ್ಲ, ಬರೀ ಮೆಗಾವ್ಯಾಟ್ ನೋಡ್ಬೇಡಿ. ಆಷಾಢದಲ್ಲಿ ದುರ್ಗದ ಜೋಗಿಮಟ್ಟಿ ಬೆಟ್ಟದ ಕಡೆ ನಿಂತ್ರೆ ರೆಕ್ಕೆ ಸುಂಯ್ ಸುಂಯ್ ಅಂತ ಬಿಡದೆ ತಿರುಗ್ತಾವೆ, ಅದೇ ಮಾರ್ಚಲ್ಲಿ ಹೋಗಿ, ಎಷ್ಟೋ ಫ್ಯಾನ್ ಸುಮ್ನೆ ನಿಂತಿರ್ತಾವೆ, ತೋಟದ ಬೋರಿಗೆ ಕರೆಂಟ್ ಜಾಸ್ತಿ ಬೇಕಾಗೋದೂ ಆಗ್ಲೇ, ಸೋಲಾರ್ ಹಗಲೊತ್ತು ಕೈ ಹಿಡಿಯುತ್ತೆ ನಿಜ, ಸಂಜೆ ಏಳಕ್ಕೆ ಮನೆಮನೆ ಲೈಟ್ ಹತ್ತುವಾಗ ಅದು ಸೊನ್ನೆ. ಕೈಗಾದ ಒಂದನೇ ಘಟಕ 2016ರಿಂದ 2018ರ ಕೊನೆವರೆಗೆ 962 ದಿನ ಒಂದ್ಸಲಾನೂ ನಿಲ್ದೆ ಓಡಿತ್ತು! ಆದ್ರೆ ಹೊಸ ಅಣುಸ್ಥಾವರ ಕಟ್ಟೋಕೆ ವರ್ಷಗಟ್ಟಲೆ ಹಿಡಿಯುತ್ತೆ, ಉರಿಸಿದ ಇಂಧನಾನ ಬೇರೆ ತಲೆಮಾರುಗಟ್ಟಲೆ ಜೋಪಾನ ಮಾಡ್ಬೇಕು. ನನ್ನ ಕೇಳಿದ್ರೆ ಇರೋ ಕೈಗಾ ಓಡ್ಲಿ, ಹೊಸ ದುಡ್ಡು ಮೊದ್ಲು ಹಗಲಿನ ಕರೆಂಟನ್ನ ರಾತ್ರಿಗೆ ಇಟ್ಕೊಳೋ ಬ್ಯಾಟರಿಗೆ ಹಾಕ್ಲಿ.