ಅಜ್ಜನ ಬೆಳ್ಳಿ ರೂಪಾಯಿ ತಕ್ಕಡಿಗೆ ಸುರಿಯುವ ಮುಂಚೆ

ಪ್ರಶ್ನೆ: ನಮ್ಮಜ್ಜ ದಾವಣಗೆರೆಯಲ್ಲಿ ಹತ್ತಿ ದಲಾಲಿ ಮಾಡುತ್ತಿದ್ದರು. ಹೋದ ವರ್ಷ ಅಪ್ಪ ತೀರಿಕೊಂಡ ಮೇಲೆ ಟ್ರಂಕಿನ ತಳದಲ್ಲಿ ಒಂದು ಬಟ್ಟೆ ಚೀಲ ಸಿಕ್ಕಿತು, ಒಳಗೆ 126 ಬೆಳ್ಳಿ ರೂಪಾಯಿ. ಎಲ್ಲಾ ರಾಜ, ರಾಣಿಯ ಮುಖ ಇರುವವು. ಕೆಲವಕ್ಕೆ ಸರಕ್ಕೆ ಪೋಣಿಸಲು ಕೊಂಡಿ ಹಾಕಿಸಿದ್ದಾರೆ. ಬೆಳ್ಳಿ ಅಂಗಡಿಯೊಂದರಲ್ಲಿ ‘ಒಟ್ಟಿಗೆ ತೂಕಕ್ಕೆ ಹಾಕಿ, ಬೆಳ್ಳಿ ರೇಟಿನ ಅರ್ಧ ಕೊಡ್ತೀವಿ’ ಅಂದರು. ಮೊಬೈಲಿನಲ್ಲಿ ನೋಡಿದರೆ ಒಂದೊಂದಕ್ಕೂ ಲಕ್ಷ ಅಂತ ವಿಡಿಯೋ ಬರುತ್ತಿದೆ. ಯಾರನ್ನು ನಂಬುವುದು? ನಾಣ್ಯ ಕಪ್ಪಾಗಿವೆ, ಹುಣಸೆಹಣ್ಣಿನಲ್ಲಿ ತೊಳೆಯಬಹುದಾ?

ಉತ್ತರ: ದಯವಿಟ್ಟು ತೊಳೆಯಬೇಡಿ. ಹುಣಸೆಹಣ್ಣು, ವಿಭೂತಿ, ಟೂತ್‌ಪೇಸ್ಟ್ ಯಾವುದೂ ಬೇಡ. ನಾಣ್ಯ ಕೂಡಿಡುವವರಿಗೆ ಆ ಕಪ್ಪೇ ಇಷ್ಟ. ಉಜ್ಜಿ ಫಳಫಳ ಮಾಡಿದ್ದನ್ನು ಕೈಗೆ ತೆಗೆದುಕೊಂಡ ಕೂಡಲೇ ಅವರಿಗೆ ಗೊತ್ತಾಗುತ್ತದೆ, ಬೆಲೆ ಇಳಿಸುತ್ತಾರೆ.

ಅಂಗಡಿಯವರ ಲೆಕ್ಕದಲ್ಲಿ ಒಂದು ಜಾಣತನ ಇದೆ. 1835ರಿಂದ 1939ರವರೆಗಿನ ಬ್ರಿಟಿಷರ ರೂಪಾಯಿ 11.66 ಗ್ರಾಂ, ಅಂದರೆ ಒಂದು ತೊಲ. (ಮನೆಮದ್ದು ಅರೆಯುವಾಗ ಹಿರಿಯರು ‘ರೂಪಾಯಿ ತೂಕ’ ಅನ್ನುತ್ತಿದ್ದರಲ್ಲ, ಅದು ಇದೇ.) ಅದರಲ್ಲಿ ನೂರಕ್ಕೆ ಸುಮಾರು 92 ಪಾಲು ಬೆಳ್ಳಿ. ಯುದ್ಧದ ಕಾಲಕ್ಕೆ ಬೆಳ್ಳಿ ಸಾಲದೆ 1940ರಿಂದ 1945ರವರೆಗಿನದನ್ನು ಅರ್ಧ ಬೆಳ್ಳಿಯಲ್ಲೇ ಅಚ್ಚು ಹಾಕಿದರು. 1947ರದ್ದು ಬರೀ ನಿಕ್ಕಲ್. ಹಾಗಾಗಿ ಎಲ್ಲವನ್ನೂ ಒಂದೇ ತಕ್ಕಡಿಗೆ ಸುರಿದರೆ ಒಳ್ಳೆಯವೂ ಅರ್ಧ ಬೆಳ್ಳಿಯ ರೇಟಿಗೇ ಹೋಗುತ್ತವೆ. ಮೊದಲು ಇಸವಿ ನೋಡಿ ಬೇರೆ ಬೇರೆ ಮಾಡಿ. ಹಳೆಯ ಒಂದೊಂದರಲ್ಲೂ ಸುಮಾರು 10.7 ಗ್ರಾಂ ಶುದ್ಧ ಬೆಳ್ಳಿ ಇದೆ, ಸವೆದಿದ್ದರೆ ಸ್ವಲ್ಪ ಕಡಿಮೆ. ಅವತ್ತಿನ ರೇಟಿಗೆ ಗುಣಿಸಿ ನೋಡಿ, ಅದಕ್ಕಿಂತ ತೀರಾ ಕೆಳಗೆ ಇಳಿಯಬೇಡಿ.

ಇನ್ನು ಲಕ್ಷದ ವಿಡಿಯೋ. ಸುಮ್ನೆ ಆಸೆ ಇಟ್ಟುಕೊಳ್ಳಬೇಡಿ. 1918ರಂಥ ಇಸವಿಯವು ಕೋಟಿಗಟ್ಟಲೆ ಅಚ್ಚಾಗಿವೆ, ಇಂಥವಕ್ಕೆ ಬೆಳ್ಳಿ ಬೆಲೆಯ ಮೇಲೆ ಒಂದಿಷ್ಟು ಸಿಕ್ಕರೆ ಸಿಕ್ಕಿತು. ಕೈಗೆ ಬಂದರೆ ಬೇರೆ ಎತ್ತಿಡಬೇಕಾದದ್ದು 1939ರದ್ದು, ನಿಜಕ್ಕೂ ಅಪರೂಪ. ಅದಕ್ಕೇ ಅದರಲ್ಲಿ ನಕಲಿಯೂ ಜಾಸ್ತಿ. 1911ರದ್ದನ್ನೂ ನೋಡಿ. ಅದರಲ್ಲಿ ಐದನೇ ಜಾರ್ಜ್ ದೊರೆಯ ನಿಲುವಂಗಿ ಮೇಲಿನ ಆನೆ ಹಂದಿಯ ಹಾಗೆ ಕಾಣುತ್ತದೆ ಅಂತ ಜನ ಗಲಾಟೆ ಮಾಡಿ, ಮರುವರ್ಷ ಅಚ್ಚನ್ನೇ ತಿದ್ದಬೇಕಾಯಿತು. ಭೂತಗನ್ನಡಿ ಹಿಡಿದು ನೋಡಿ, ಪಾಪ, ಹಂದಿಯೇ ಅನಿಸುತ್ತದೆ! ಕೊಂಡಿ ಹಾಕಿದವಕ್ಕೆ ಮಾತ್ರ ತೂಕದ ಬೆಲೆಯೇ ಗತಿ. ನಾನಾಗಿದ್ದರೆ ಅವನ್ನು ಮಾರದೆ ಲಕ್ಷ್ಮೀಪೂಜೆಗೆ ಇಟ್ಟುಕೊಳ್ಳುತ್ತಿದ್ದೆ.

ಎರಡೂ ಬದಿಯ ಫೋಟೋ ತೆಗೆದು, ಬೆಂಗಳೂರಿನ ಎರಡು ಮೂರು ನಾಣ್ಯ ವ್ಯಾಪಾರಿಗಳಿಗೆ ತೋರಿಸಿ ಬೆಲೆ ಕೇಳಿ. ದುಡ್ಡು ಬರುವ ಮುಂಚೆ ನಾಣ್ಯ ಕೊರಿಯರ್ ಮಾಡಬೇಡಿ. ‘ಕೊಳ್ಳುತ್ತೇವೆ, ಮೊದಲು ಟ್ಯಾಕ್ಸ್ ಕಟ್ಟಿ’ ಅಂತ ಯಾರಾದರೂ ಫೋನ್ ಮಾಡಿದರೆ ಇಟ್ಟುಬಿಡಿ, ತನ್ನ ಹೆಸರಲ್ಲಿ ಇಂಥ ಮೋಸ ನಡೆಯುತ್ತಿದೆ ಅಂತ ರಿಸರ್ವ್ ಬ್ಯಾಂಕೇ 2021ರಲ್ಲಿ ಎಚ್ಚರಿಸಿತ್ತು. 100 ವರ್ಷ ದಾಟಿದ ನಾಣ್ಯವನ್ನು ವಿದೇಶಕ್ಕೆ ಕಳಿಸುವಂತಿಲ್ಲ. ಒಬ್ಬರಿಂದ 2 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ನಗದು ತೆಗೆದುಕೊಳ್ಳುವಂತಿಲ್ಲ, ಬ್ಯಾಂಕಿಗೇ ಹಾಕಿಸಿಕೊಳ್ಳಿ. ಅಂದ ಹಾಗೆ ಅಕ್ಕತಂಗಿಯರು, ಅಣ್ಣತಮ್ಮಂದಿರ ಬಗ್ಗೆ ನೀವು ಏನೂ ಬರೆದಿಲ್ಲ. ಇದ್ದರೆ ಅವರಿಗೂ ಪಾಲಿದೆ, ಮೊದಲೇ ಕೂರಿಸಿ ಮಾತಾಡಿ.

ಪ್ರಶ್ನೆ: ಚಿತ್ರದುರ್ಗದ ನಮ್ಮ ಹಳೇ ಮನೆಯ ಗೋಡೆ ಕೆಡವುವಾಗ ಸಣ್ಣ ಕುಡಿಕೆಯಲ್ಲಿ ಬೆಳ್ಳಿ ನಾಣ್ಯ ಸಿಕ್ಕವು. ಗಾರೆ ಮೇಸ್ತ್ರಿಗೆ ಖುಷಿಗೆ ಎರಡು ಕೊಟ್ಟೆ. ಉಳಿದದ್ದು ಮಾರಬಹುದಾ?

ಉತ್ತರ: ಸದ್ಯಕ್ಕೆ ಬೇಡ. ಟ್ರಂಕಿನಲ್ಲಿ ಸಿಕ್ಕ ಆಸ್ತಿಯ ಲೆಕ್ಕವೇ ಬೇರೆ, ಗೋಡೆಯಲ್ಲಿ ಹೂತಿದ್ದು ಕಾನೂನಿನ ಕಣ್ಣಲ್ಲಿ ನಿಧಿ ಆಗುತ್ತದೆ. ಜಿಲ್ಲಾಧಿಕಾರಿಗೆ ಬರೆದು ತಿಳಿಸಿ. ನಿಮ್ಮೂರಿನ ಮಣ್ಣು ಸಾಮಾನ್ಯದ್ದಲ್ಲ, ಪಕ್ಕದ ಚಂದ್ರವಳ್ಳಿಯಲ್ಲಿ ರೋಮನ್ ದೊರೆಗಳಾದ ಅಗಸ್ಟಸ್, ಟೈಬೀರಿಯಸ್ ಕಾಲದ ಬೆಳ್ಳಿ ನಾಣ್ಯಗಳೇ ಸಿಕ್ಕಿವೆ. ಕುಡಿಕೆಯನ್ನೂ ಎಸೆಯಬೇಡಿ, ಮತ್ತೆ ಆ ಮೇಸ್ತ್ರಿ ಹತ್ತಿರ ಇರುವ ಎರಡನ್ನು ಇವತ್ತೇ ವಾಪಸ್ ಇಸಿದುಕೊಳ್ಳಿ.