ಪ್ರತಿಕ್ರಿಯೆ: ಸ್ಕೋರು 590, ಕಾಮಗಾರಿಗೆ 10 ಲಕ್ಷದ ಓವರ್‌ಡ್ರಾಫ್ಟ್ (ಓಡಿ) ಸಿಗುತ್ತಾ?

ಸರ್, ಗುತ್ತಿಗೆ ಕೆಲಸಕ್ಕೆ 10 ಲಕ್ಷದ ಓಡಿ, ಅಂದರೆ ಖಾತೆಯಲ್ಲಿ ದುಡ್ಡಿಲ್ಲದಿದ್ದರೂ ಒಂದು ಮಿತಿವರೆಗೆ ತೆಗೆಯೋ ಸಾಲ, ಸಿಗುತ್ತಾ ಅಂತ ಕೇಳಿದ್ದೀರಿ. ಸಿಬಿಲ್ (ಸಾಲ ತೀರಿಸಿದ ಇತಿಹಾಸದ ಸ್ಕೋರು) 590, ಹಳೇ ಕ್ರೆಡಿಟ್ ಕಾರ್ಡು ‘ಸೆಟಲ್ಡ್’ (ಪೂರ್ತಿ ಕಟ್ಟದೆ ರಾಜಿಯಲ್ಲಿ ಮುಗಿಸಿದ್ದು) ಅಂತಿದೆ ಅಂದಿದ್ದೀರಿ. ಅಡಮಾನವಿಲ್ಲದೆ 10 ಲಕ್ಷ ಈಗಲೇ ಸಿಗೋದು ಕಷ್ಟ. ಸಿಜಿಟಿಎಂಎಸ್‌ಇ (ಸಣ್ಣ ಉದ್ಯಮದ ಸಾಲಕ್ಕೆ ಖಾತರಿ ನಿಲ್ಲುವ ಟ್ರಸ್ಟು) ಗ್ಯಾರಂಟಿ ಇದೆಯಲ್ಲ ಅಂತ ಏಜೆಂಟರು ಹೇಳ್ತಾರೆ. ಅದು ಬ್ಯಾಂಕಿನ ನಷ್ಟಕ್ಕೆ ಭದ್ರತೆ, ನಿಮ್ಮ ಸ್ಕೋರಿಗೆ ಮದ್ದಲ್ಲ. ಮುಂಗಡ ಫೀಸು ಕೇಳಿದವರಿಗೆ ಒಂದು ರೂಪಾಯಿಯೂ ಕೊಡಬೇಡಿ.

ಮೊದಲು ಕಾರ್ಡಿನವರಿಗೆ ಬಿಟ್ಟ ಬಾಕಿ ಕಟ್ಟಿ ನೋ ಡ್ಯೂ (ಬಾಕಿ ಇಲ್ಲ) ಪತ್ರ ತಗೊಳ್ಳಿ, ಸಿಬಿಲ್ ವರದಿಯಲ್ಲಿ ‘ಕ್ಲೋಸ್ಡ್’ ಅಂತ ತಿದ್ದಿಸಿ. ದೂರು ಕೊಟ್ಟ 30 ದಿನದೊಳಗೆ ಸರಿಮಾಡದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಅಂತ ಆರ್‌ಬಿಐ ನಿಯಮವಿದೆ. ಅಲ್ಲಿವರೆಗೆ ಐದಾರು ಕಡೆ ಅರ್ಜಿ ಹಾಕಬೇಡಿ, ಪ್ರತಿ ಅರ್ಜಿಗೂ ಬ್ಯಾಂಕು ನಿಮ್ಮ ಸ್ಕೋರು ವಿಚಾರಿಸಿದ್ದು ವರದಿಯಲ್ಲಿ ಕೂರುತ್ತೆ.

ಈ ಮಧ್ಯೆ ಕೆಲಸ ನಡೀಬೇಕಲ್ಲ: ಎಫ್‌ಡಿ (ನಿಶ್ಚಿತ ಠೇವಣಿ) ಮೇಲೆ ಓಡಿ ಮಾಡಿಸಿ. 2 ಲಕ್ಷ ಇಟ್ಟರೆ ಸಾಮಾನ್ಯವಾಗಿ 1.8 ಲಕ್ಷದವರೆಗೆ ಮಿತಿ, ಬಡ್ಡಿ ಎಫ್‌ಡಿ ದರಕ್ಕಿಂತ ಒಂದೆರಡು ಪರ್ಸೆಂಟ್ ಜಾಸ್ತಿ, ಸ್ಕೋರು ಅಷ್ಟಾಗಿ ನೋಡಲ್ಲ. ಮುಂದೆ 10 ಲಕ್ಷ ಕೇಳುವಾಗ ಬ್ಯಾಂಕು ಸಾಮಾನ್ಯವಾಗಿ ಅಂದಾಜು ವಹಿವಾಟಿನ 20% ಲೆಕ್ಕ ಹಿಡಿಯುತ್ತೆ. ಅಂದರೆ 50 ಲಕ್ಷದ ವಹಿವಾಟು. ಅದಕ್ಕೆ ಜಿಎಸ್‌ಟಿ ರಿಟರ್ನು, ಕೈಲಿರುವ ವರ್ಕ್ ಆರ್ಡರು ಆಧಾರ ಇರಬೇಕು. ನಗದಲ್ಲಿ ತಗೊಂಡಿದ್ದು ಲೆಕ್ಕಕ್ಕೆ ಬರಲ್ಲ.

ಗುತ್ತಿಗೆದಾರರು ಎಡವೋದು ಓಡಿ ಸಿಕ್ಕಮೇಲೆ. ಕಾಮಗಾರಿ ಬಿಲ್ಲಿನ ಹಣ ನಾಲ್ಕು ತಿಂಗಳು ತಡವಾಯ್ತು, ಖಾತೆಗೆ 90 ದಿನ ಜಮೆಯೇ ಇಲ್ಲ ಅಂದರೆ, ಮಿತಿಯೊಳಗಿದ್ದರೂ ಅದು ಎನ್‌ಪಿಎ (ಬ್ಯಾಂಕಿನ ಲೆಕ್ಕದಲ್ಲಿ ಕೆಟ್ಟ ಸಾಲ). ಹಾಗಾಗಿ ತಿಂಗಳ ಬಡ್ಡಿಯಷ್ಟಾದರೂ ಬೇರೆ ಕಡೆಯಿಂದ ತಂದು ಹಾಕಿ. ಮಿಕ್ಸರ್ ಮೆಷಿನ್ನಿಗೆ ಓಡಿ ದುಡ್ಡು ಮುಟ್ಟಬೇಡಿ, ಅದಕ್ಕೆ ಕಂತಲ್ಲಿ ತೀರಿಸೋ ಟರ್ಮ್ ಲೋನೇ ಸರಿ.