ಪಗಾರ ಅಲ್ಲೇ, ಬಾಡಿಗಿ ಮ್ಯಾಲೆ: ಏನ್ ಮಾಡಬಹುದು?

ದಾಲ್ ಮಿಲ್‌ನ್ಯಾಗ ಎರಡು ವರ್ಷದಿಂದ ಪಗಾರ ಅಷ್ಟೇ ಅದ, ಬಾಡಿಗಿ ಏರ್ಯಾದ, ಕಲಬುರಗಿಯೊಳಗ ಮನಿ ಹ್ಯಾಂಗ ನಡಸಬೇಕು ಅಂತ ಕೇಳೀರಿ. ಖರ್ಚು ಕಡಿಮಿ ಮಾಡೂದಕ್ಕಿಂತ ಮೊದಲ ಪಗಾರ ಚೀಟಿ ತೆಗೀರಿ. ಕನಿಷ್ಠ ವೇತನದಾಗಿನ ತುಟ್ಟಿಭತ್ಯೆ ಪ್ರತಿ ವರ್ಷ ಏಪ್ರಿಲ್ 1ಕ್ಕ ಬದಲಾಗ್ತದ. ಅದು ಕೂಡಿಸಿದ ಕನಿಷ್ಠ ವೇತನಕ್ಕಿಂತ ಕಡಿಮಿ ಕೊಡ್ತಿದ್ರ ಮಾಲಕರನ್ನ ಕೇಳ್ರಿ, ಕಾರ್ಮಿಕ ಇಲಾಖೆಗೂ ಹೋಗಬಹುದು. ಒಬ್ಬರೇ ಬ್ಯಾಡ, ನಾಲ್ಕು ಮಂದಿ ಕೂಡಿ ಹೋಗ್ರಿ.

ಮನಿ ಬದಲಿ ಮಾಡೀನಿ ಅಂದೀರಲ್ಲ, ಪುಕ್ಕಟ ಕರೆಂಟಿನ ಗೃಹಜ್ಯೋತಿ ಹಳೇ ಮನಿ ಆರ್‌ಆರ್ ನಂಬರಿಗೇ (ಕರೆಂಟ್ ಬಿಲ್‌ನ್ಯಾಗಿನ ಸಂಪರ್ಕ ನಂಬರ್) ಕುಂತಿರ್ತದ. ಸರ್ಕಾರದ ಸೇವಾ ಸಿಂಧು ವೆಬ್‌ಸೈಟಿನೊಳಗ ಅದನ್ನ ಬಿಡಿಸಿ ಹೊಸ ಮನೀದು ಜೋಡಿಸ್ರಿ, ಬಾಡಿಗಿದಾರರಿಗೂ ಸಿಗ್ತದ. ತಿಂಗಳಿಗೆ 200 ಯೂನಿಟ್ ದಾಟಿದ್ರ ಪೂರ್ತಿ ಬಿಲ್ ನೀವೇ ಕಟ್ಟಬೇಕು, ಅದೊಂದು ನೋಡ್ಕೋರಿ.

ಜ್ವಾಳ ಐದೈದು ಕಿಲೋ ತರೂದು ಬಿಡ್ರಿ. ಹಿಂಗಾರಿ ರಾಶಿ ಆದ ಮ್ಯಾಲೆ ಗಂಜ್‌ಗೆ (ಕಾಳಿನ ಸಗಟು ಮಾರುಕಟ್ಟೆಗೆ) ಬರೋ ಬಿಳಿಜ್ವಾಳ ಒಂದು ಚೀಲ ತಗೊಂಡು, ಬಿಸಿಲಿಗೆ ಹಾಕಿ ಇಡ್ರಿ. ಅದಕ್ಕಂತ ಬಡ್ಡಿ ಸಾಲ ಮಾತ್ರ ತರಬ್ಯಾಡ್ರಿ.